ಮೂರು ಸಲ ಸುಟ್ಟ ಮೋಟರ್: ಕಂಪನಿಯಿಂದ ದುಡ್ಡು ವಾಪಸ್ ತರಿಸಿದ ನನ್ನ ಅನುಭವ

2025ರ ಮೇ ತಿಂಗಳಲ್ಲಿ ಒಂದು ಲಕ್ಷ ನಲವತ್ತನಾಲ್ಕು ಸಾವಿರ ಚಿಲ್ಲರೆಯ ಡಿ.ಡಿ. ನನ್ನ ಕೈಗೆ ಬಂತು. ಬೋರ್ ಪಂಪು, ಮೋಟರ್ ತಯಾರಿಸುವ ದೊಡ್ಡ ಕಂಪನಿಯೊಂದು ಕೊಟ್ಟದ್ದು. ಲಾಯರ್ ಇಟ್ಟುಕೊಳ್ಳದೆ, ಕನ್ನಡದಲ್ಲೇ ಬರೆದು, ಕೋಲಾರದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ನಾನೇ ನಿಂತು ಮಾತಾಡಿ ತರಿಸಿದ ದುಡ್ಡು. ಕೇಸು ಹಾಕುತ್ತೇನೆ ಅಂದಾಗ ಊರಿನಲ್ಲಿ ಯಾರೂ ನಂಬಲಿಲ್ಲ. ಅಂಗಡಿಯವನು "ಸುಮ್ನೆ ಟೈಮ್ ವೇಸ್ಟ್" ಅಂದ. ನನ್ನ ಭಾವ, ಅವನೂ ಟೊಮೆಟೊ ಬೆಳೆಯುವವನೇ, ಆ ಖರ್ಚಿನಲ್ಲಿ ಇನ್ನೊಂದು ಮೋಟರ್ ಬರುತ್ತೆ ಅಂದ. ಡಿ.ಡಿ.ಯ ಜೆರಾಕ್ಸ್ ತೆಗೆದು ಇಬ್ಬರಿಗೂ ತೋರಿಸಿ ಬಂದೆ.

ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಎರಡು ಎಕರೆ ಮೂವತ್ತು ಗುಂಟೆ. ಬೋರ್ 1,150 ಅಡಿ, ಪಂಪು ಇಳಿಸಿರುವುದು 900 ಅಡಿಗೆ, ಅಂದರೆ ನಲವತ್ತೈದು ಪೈಪು. ಮೋಟರ್ ಎತ್ತಿಸುವುದು ಎಂದರೆ ಏನು ಅಂತ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗಾಡಿ, ಆಳು, ಕೇಬಲ್ ಜಾಯಿಂಟು, ಊಟ ಎಲ್ಲಾ ಸೇರಿ ಆಗ ಒಂದು ಸಲಕ್ಕೆ ಒಂಬತ್ತೂವರೆ ಸಾವಿರದ ಸುತ್ತ ಆಗುತ್ತಿತ್ತು.

2022ರ ಜುಲೈನಲ್ಲಿ ಹತ್ತು ಹೆಚ್.ಪಿ. ಪಂಪು-ಮೋಟರ್ ಸೆಟ್ ತಂದೆ, 61,500 ರೂಪಾಯಿ, ಜಿ.ಎಸ್.ಟಿ. ಬಿಲ್ಲಿನ ಸಮೇತ. ಒಂದು ವರ್ಷ ವಾರಂಟಿ. ನವೆಂಬರ್‌ನಲ್ಲಿ ಸುಟ್ಟಿತು. ಸರ್ವಿಸ್ ಸೆಂಟರಿಗೆ ಒಯ್ದೆ. "ವೋಲ್ಟೇಜ್ ಏರುಪೇರು, ವಾರಂಟಿ ಬರಲ್ಲ" ಎಂದು ಜಾಬ್ ಶೀಟಿನಲ್ಲಿ ಬರೆದು 14,200 ಕಟ್ಟಿಸಿಕೊಂಡರು. ಬೆಳೆ ಒಣಗುತ್ತಿತ್ತು, ಕಟ್ಟಿದೆ. 2023ರ ಮಾರ್ಚ್‌ನಲ್ಲಿ ಮತ್ತೆ ಸುಟ್ಟಿತು. ಅದೇ ಮಾತು, ಅದೇ ಬರಹ. ಹತ್ತೊಂಬತ್ತು ದಿನ ಇಟ್ಟುಕೊಂಡು, ರಿಯಾಯಿತಿ ಮಾಡಿದ್ದೇವೆ ಎಂದು 11,000 ತೆಗೆದುಕೊಂಡರು. ಸುಟ್ಟ ವೈಂಡಿಂಗ್, ಅಂದರೆ ಮೋಟರಿನ ಒಳಗಿನ ತಂತಿಯ ಸುರುಳಿ, ತೋರಿಸಿ ಎಂದು ಕೇಳಿದೆ. ಎಸೆದುಬಿಟ್ಟೆವು ಅಂದರು.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು, ಎಲ್ಲರೂ ಮಾಡುವುದು ಇದನ್ನೇ. ಎರಡು ಸಲವೂ ಮೋಟರ್ ಬಿಚ್ಚುವಾಗ ನಾನು ಎದುರಿಗೆ ಇರಲಿಲ್ಲ, ಸಾಕ್ಷಿಯನ್ನು ಕಂಪನಿಯ ಕೈಗೇ ಕೊಟ್ಟು ಬಂದಿದ್ದೆ. ಟೋಲ್ ಫ್ರೀ ನಂಬರಿಗೆ ಇಪ್ಪತ್ತೈದೋ ಇಪ್ಪತ್ತೇಳೋ ಸಲ ಫೋನ್ ಮಾಡಿದ್ದೆ. ಪ್ರತಿ ಸಲವೂ ಹೊಸ ಹುಡುಗಿ, ಹೊಸ ಕಂಪ್ಲೇಂಟ್ ನಂಬರ್, ನಲವತ್ತೆಂಟು ಗಂಟೆಯ ಮಾತು. ಒಂದನ್ನೂ ಬರೆದಿಟ್ಟುಕೊಂಡಿರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ಕಂಪನಿ ಅಲ್ಲಿಗೂ "ಗ್ರಾಹಕರ ಕಡೆಯ ವೋಲ್ಟೇಜ್ ಸಮಸ್ಯೆ" ಎಂದು ಒಂದು ಸಾಲು ಬರೆದು ಮುಗಿಸಿತು. ಆ ದೂರಿನ ಮೆಸೇಜುಗಳು ಮಾತ್ರ ಫೋನಿನಲ್ಲಿ ಉಳಿದಿದ್ದವು, ಮುಂದೆ ಅವು ಬಹಳ ಉಪಯೋಗಕ್ಕೆ ಬಂದವು.

ಎರಡನೇ ಸಲ ಸುಟ್ಟಮೇಲೆ ಶ್ರೀನಿವಾಸಪುರದಲ್ಲಿ ಮೂವತ್ತು ವರ್ಷದಿಂದ ವೈಂಡಿಂಗ್ ಮಾಡುವ ಹಿರಿಯರೊಬ್ಬರ ಹತ್ತಿರ ಹೋಗಿ ಕೂತೆ. ಅವರು ಹೇಳಿದ ಒಂದು ಮಾತೇ ಇಡೀ ಕೇಸಿನ ಬೇರು. ಮೂರು ಫೇಸಿನ ಸುರುಳಿಯೂ ಸಮನಾಗಿ ಕಪ್ಪಾಗಿದ್ದರೆ ಓವರ್‌ಲೋಡ್, ಇಲ್ಲವೆ ಲೋ ವೋಲ್ಟೇಜ್. ಸ್ಟಾರ್ ಕನೆಕ್ಷನ್ ಮೋಟರಿನಲ್ಲಿ ಎರಡು ಫೇಸು ಸುಟ್ಟು ಒಂದು ಹೊಸದರಂತೆ ಉಳಿದಿದ್ದರೆ ಸಿಂಗಲ್ ಫೇಸಿಂಗ್, ಅಂದರೆ ಲೈನಿನಲ್ಲಿ ಒಂದು ಫೇಸು ತಪ್ಪಿದ್ದು. ಒಂದೇ ಸ್ಲಾಟಿನಲ್ಲಿ (ತಂತಿ ಕೂರಿಸುವ ಸೀಳು), ಬೆರಳಗಲ ಜಾಗದಲ್ಲಿ ಮಾತ್ರ ಸುಟ್ಟು ಉಳಿದದ್ದೆಲ್ಲ ಹೊಳೆಯುತ್ತಿದ್ದರೆ ಅದು ವೈರಿನ ಮೇಲಿನ ಇನ್ಸುಲೇಷನ್ ಗಾಯ, ಅಂದರೆ ಸುತ್ತಿದವರ ತಪ್ಪು. ಸುಟ್ಟ ಗಾಯ ಸುಳ್ಳು ಹೇಳಲ್ಲ ಅಂದರು ಅವರು.

ಅವತ್ತಿನಿಂದ ಪಂಪ್ ಮನೆಯಲ್ಲಿ ನೋಟ್‌ಬುಕ್ ಇಟ್ಟೆ. ತ್ರೀ ಫೇಸ್ ಬಂದಾಗ ಒಂದು ಸಲ, ಹೋಗುವ ಮುಂಚೆ ಒಂದು ಸಲ ಮೂರು ಫೇಸಿನ ವೋಲ್ಟೇಜ್ ಮತ್ತು ಆಂಪ್ಸ್. ದಿನವೂ ಮೀಟರಿನ ಫೋಟೋ. ರಾತ್ರಿ ಕರೆಂಟ್ ಬರುವ ವಾರಗಳಲ್ಲಿ ಹೆಂಡತಿ ಎದ್ದು ಹೋಗಿ ಬರೆದಿದ್ದಾಳೆ, ಆ ಪುಟಗಳಲ್ಲಿ ಅವಳ ಕೈಬರಹವೇ ಇದೆ. ಬೆಳಗಿನ ಹೊತ್ತು 375ರಿಂದ 395 ವೋಲ್ಟ್. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಸ್ಟಾರ್ಟ್ ಮಾಡಿದಾಗ ಅತಿ ಕಡಿಮೆ ಕಂಡದ್ದು 358. ಹಳೆಯ ಫೋನನ್ನು ಮೀಟರಿನ ಎದುರಿಗೆ ನಿಲ್ಲಿಸಿ ತಾನಾಗಿ ಫೋಟೋ ತೆಗೆಯುವ ಹಾಗೆ ಮಾಡಿ ನೋಡಿದೆ. ನಾಲ್ಕು ದಿನಕ್ಕೆ ಮೆಮೊರಿ ತುಂಬಿತು, ಶೆಡ್ಡಿನ ಬಿಸಿಗೆ ಬ್ಯಾಟರಿ ಉಬ್ಬಿತು. ಕೈಬರಹವೇ ಸರಿ ಎಂದು ಬಿಟ್ಟೆ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಸ್ಟಾರ್ಟರಿಗೆ ಐದು ಕೆ.ವಿ.ಎ.ಆರ್. ಕೆಪ್ಯಾಸಿಟರ್ ಹಾಕಿಸಿದೆ. ಪ್ಯಾನಲ್ ಮೀಟರಿನಲ್ಲಿ ಕರೆಂಟ್ ಹದಿನಾರೂವರೆಯಿಂದ ಹದಿನಾಲ್ಕಕ್ಕೆ ಇಳಿಯಿತು, ವೋಲ್ಟೇಜ್ ಆರೇಳು ಏರಿತು. ನಮ್ಮ ಲೈನಿನ ಕೊನೆಯ ತೋಟಗಳಿಗೆ ಒಳ್ಳೆಯದು. ನನಗೆ ಆದ ಖರ್ಚು ಎರಡು ಸಾವಿರದೊಳಗೆ. ಮೋಟರ್ ಸುಡುವುದು ಇದರಿಂದ ನಿಲ್ಲಲಿಲ್ಲ, ನಮ್ಮ ಮೋಟರಿನ ರೋಗವೇ ಬೇರೆ ಇತ್ತು.

2023ರ ಜೂನ್. ಗಿಡದ ತುಂಬಾ ಕಾಯಿ. ಕೊಂಡ ಹನ್ನೊಂದನೇ ತಿಂಗಳಿಗೆ ಮೂರನೇ ಸಲ ಸುಟ್ಟಿತು. ಆ ಜುಲೈನಲ್ಲಿ ಕೋಲಾರ ಎ.ಪಿ.ಎಂ.ಸಿ.ಯಲ್ಲಿ ಹದಿನೈದು ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿದ್ದು ಎಲ್ಲರಿಗೂ ನೆನಪಿದೆ. ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಸಾಲ ಮಾಡಿ ಬೇರೆ ಕಂಪನಿಯ ಮೋಟರ್ 58 ಸಾವಿರಕ್ಕೆ ತಂದು ಇಳಿಸುವಷ್ಟರಲ್ಲಿ ಹನ್ನೆರಡು ದಿನ ಹೋಗಿತ್ತು. ಅರ್ಧ ಬೆಳೆ ಹೂವು ಉದುರಿಸಿ ಕೂತಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಸಲ ಮೋಟರ್ ಕೊಡಲಿಲ್ಲ. ಎತ್ತಿದ ಕೂಡಲೇ ಸೀರಿಯಲ್ ನಂಬರಿನ ಫೋಟೋ ತೆಗೆದು, ಗೋಣಿಯಲ್ಲಿ ಸುತ್ತಿ, ಹೊಲಿದು, ಅರಗು ಹಾಕಿ, ಅಕ್ಕಪಕ್ಕದ ತೋಟದ ಇಬ್ಬರಿಂದ ಪಂಚನಾಮೆಗೆ ಸಹಿ ಹಾಕಿಸಿದೆ. ಸರ್ವಿಸ್ ಸೆಂಟರಿನವರು ಮೂರು ಸಲ ಗಾಡಿ ಕಳಿಸುತ್ತೇವೆ, ಫ್ರೀಯಾಗಿ ಮಾಡಿಕೊಡುತ್ತೇವೆ ಅಂದರು. ಅದನ್ನು ಬರೆದು ಕೊಡಿ ಎಂದೆ. ಬರೆದು ಕೊಡಲಿಲ್ಲ.

ಆಮೇಲೆ ಫೋನಿನಲ್ಲಿ ಮಾತೇ ಬಿಟ್ಟೆ. ಎಲ್ಲವೂ ರಿಜಿಸ್ಟರ್ಡ್ ಪೋಸ್ಟ್, ಅಕ್ನಾಲೆಡ್ಜ್‌ಮೆಂಟ್ ಸಮೇತ. ಡಬ್ಬದ ಮೇಲಿನ ಕಸ್ಟಮರ್ ಕೇರ್ ವಿಳಾಸಕ್ಕೆ ಬರೆದರೆ ಪ್ರಯೋಜನವಿಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾವ ಕಂಪನಿಯದ್ದಾದರೂ ನೋಂದಾಯಿತ ಕಚೇರಿಯ ವಿಳಾಸ ಪುಕ್ಕಟೆ ಸಿಗುತ್ತದೆ, ಅಲ್ಲಿಗೇ ಕಳಿಸಿದೆ. ಹದಿನೈದು ದಿನದ ಗಡುವು. ನೋಟಿಸ್ ಒಂದೂವರೆ ಪುಟ. ಅದರ ನಾಲ್ಕನೇ ಪ್ಯಾರಾದಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಅದಕ್ಕೆ ಅವರು ಇ-ಮೇಲಿನಲ್ಲಿ ಕೊಟ್ಟ ಉತ್ತರವೇ ಮುಂದೆ ಅವರ ಬಾಯಿ ಕಟ್ಟಿಹಾಕಿತು. ಆ ಪ್ರಶ್ನೆ ಏನೆಂದು ಇಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಾದರೆ ಕಂಪನಿಗಳಿಗೂ ಗೊತ್ತಾಗುತ್ತದೆ, ಆಮೇಲೆ ಯಾರೂ ಅದಕ್ಕೆ ಉತ್ತರ ಕೊಡುವುದಿಲ್ಲ. ಪೇಪರ್ ಹಿಡಿದುಕೊಂಡು ಮನೆಗೆ ಬಂದವರಿಗೆ ಹೇಳುತ್ತೇನೆ.

ಇದೇ ವಿಧಾನವನ್ನು ನಾದಿನಿಯ ಮಿಕ್ಸಿಗೂ ಹಚ್ಚಿ ನೋಡಿದೆ. ಜಾರ್ ಸೋರುತ್ತಿತ್ತು, ಅಂಗಡಿಗೆ ಎಂಟು ಸಲ ಅಲೆದಿದ್ದಳು. ನೋಂದಾಯಿತ ಕಚೇರಿಗೆ ಒಂದೇ ಕಾಗದ, ಹನ್ನೊಂದು ದಿನಕ್ಕೆ ಹೊಸ ಮಿಕ್ಸಿ ಬಂತು. ಡ್ರಿಪ್ ಲ್ಯಾಟರಲ್ (ಹನಿ ನೀರಾವರಿಯ ಸಣ್ಣ ಪೈಪು) ವಿಷಯದಲ್ಲಿ ಸೋತೆ, ಬಿಲ್ಲೇ ಇರಲಿಲ್ಲ. ಬಿಲ್ಲಿಲ್ಲದೆ ನೂರು ರೂಪಾಯಿ ಕಡಿಮೆಗೆ ಕೊಡುತ್ತೇನೆ ಅನ್ನುವ ಅಂಗಡಿಗೆ ಈಗ ಕಾಲಿಡುವುದಿಲ್ಲ.

ವೋಲ್ಟೇಜಿನ ಪುಸ್ತಕ ನಾನೇ ಬರೆದದ್ದು, ನಂಬಲ್ಲ ಅಂತ ಕಂಪನಿಯವರು ಹೇಳಿಯೇ ಹೇಳುತ್ತಾರೆ ಎಂದು ಗೊತ್ತಿತ್ತು. ನಮಗೆ ಕರೆಂಟ್ ಬರುವ ಉಪಕೇಂದ್ರದಲ್ಲಿ 11 ಕೆ.ವಿ. ಫೀಡರಿನ ರೀಡಿಂಗ್ ಗಂಟೆಗೊಮ್ಮೆ ಲಾಗ್ ಶೀಟಿನಲ್ಲಿ ಬರೆಯುತ್ತಾರೆ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ: ಹತ್ತು ರೂಪಾಯಿ ಶುಲ್ಕ, ಪುಟಕ್ಕೆ ಎರಡು ರೂಪಾಯಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಮೊದಲನೆಯದರಲ್ಲಿ ಎರಡು ವಿಷಯ ಸೇರಿಸಿದ್ದೆ, ವಾಪಸ್ ಬಂತು. ಎರಡನೆಯದಕ್ಕೆ ಮೋಟರ್ ಸುಟ್ಟ ಮೂರು ದಿನಗಳ ಮತ್ತು ಅದರ ಹಿಂದಿನ ಎರಡೆರಡು ದಿನಗಳ ಲಾಗ್ ಸಿಕ್ಕಿತು. ಪುಸ್ತಕ ಇಟ್ಟಮೇಲಿನ ಮೂರನೇ ಸಲದ ಲಾಗಿಗೂ ನನ್ನ ಪುಸ್ತಕದ ಏರಿಳಿತಕ್ಕೂ ತಾಳೆಯಾಯಿತು.

2023ರ ಅಕ್ಟೋಬರ್‌ನಲ್ಲಿ ದೂರು ದಾಖಲು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ಇರುವ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿ ಎಲ್ಲಿದ್ದರೂ ಅವರೇ ಬರಬೇಕು. ಕೊಂಡ ಮಾಲಿನ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಂಪನಿ, ಸರ್ವಿಸ್ ಸೆಂಟರ್, ಅಂಗಡಿ ಮೂವರನ್ನೂ ಎದುರುದಾರರನ್ನಾಗಿ ಮಾಡಿದೆ. ಅಂಗಡಿಯವನು ಬಾಲ್ಯದಿಂದ ಪರಿಚಯ, ಒಂದು ವರ್ಷ ಮಾತು ಬಿಟ್ಟಿದ್ದ. ಅದು ನೋವಾಯಿತು, ಆದರೆ ಅವನನ್ನು ಬಿಟ್ಟರೆ ಮಾರಿದ್ದು ನಾವಲ್ಲ ಎಂದು ಕಂಪನಿ ನುಣುಚಿಕೊಳ್ಳುತ್ತಿತ್ತು. ಫೋನಿನ ಫೋಟೋಗಳನ್ನು ಸಾಕ್ಷಿಯಾಗಿ ಒಪ್ಪಲು ಬೇಕಾದ, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಆಗ ಹಾಕಿದ್ದೆ. 2024ರ ಜುಲೈಯಿಂದ ಹೊಸ ಸಾಕ್ಷ್ಯ ಕಾನೂನು ಬಂದಿದೆ, ಈಗ ಹಾಕುವವರಿಗೆ ಅದು 63ನೇ ಕಲಂ.

ಕಂಪನಿಯ ವಕೀಲರು ಮೊದಲು ಎತ್ತಿದ್ದು, ಟೊಮೆಟೊ ಮಾರ್ಕೆಟ್ಟಿಗೆ ಹೋಗುತ್ತದೆ, ಇದು ವಾಣಿಜ್ಯ ಉದ್ದೇಶ, ಇವರು ಗ್ರಾಹಕರೇ ಅಲ್ಲ ಎಂಬ ವಾದ. ಪಹಣಿ ಕೊಟ್ಟೆ, ಮನೆಯ ಮೂರು ಜನವೇ ದುಡಿಯುವುದು ಎಂದು ಅಫಿಡವಿಟ್ ಕೊಟ್ಟೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡದ್ದು ವಾಣಿಜ್ಯವಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಕೊಟ್ಟ ತೀರ್ಪಿನ ಪ್ರತಿಯನ್ನೂ ಇಟ್ಟೆ.

ಎರಡನೆಯದು ಲೋ ವೋಲ್ಟೇಜ್. ಮೋಟರ್ ಜೊತೆ ಬಂದ ಅವರದೇ ಕರಪತ್ರವನ್ನು ತೆಗೆದು ಓದಿದೆ. "350ರಿಂದ 440 ವೋಲ್ಟ್‌ವರೆಗೆ ಸುರಕ್ಷಿತ" ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ನನ್ನ ಪುಸ್ತಕದ ಅತಿ ಕಡಿಮೆ 358. ವಕೀಲರು ಆ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು. ನಾವು ಡಬ್ಬದ ಜೊತೆ ಒಲೆಗೆ ಹಾಕುವ ಕಾಗದ ಅದು. ನಾನು ಅದನ್ನು ಬಿಲ್ಲಿನ ಜೊತೆ ಪಿನ್ ಮಾಡಿ ಇಟ್ಟಿದ್ದೆ.

ಮೂರನೆಯದು, ಬೋರಿನಲ್ಲಿ ನೀರಿಲ್ಲದೆ ಡ್ರೈ ರನ್ ಆಗಿದೆ ಎಂಬುದು. ಅಂಥ ಹೊತ್ತಿನಲ್ಲಿ ಮೋಟರನ್ನು ತಾನಾಗಿ ನಿಲ್ಲಿಸುವ ಡ್ರೈ ರನ್ ಪ್ರಿವೆಂಟರ್, ಫೇಸು ತಪ್ಪಿದರೆ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಎರಡರ ಬಿಲ್ಲೂ ಇತ್ತು. ಅದು ಅಲ್ಲಿಗೆ ನಿಂತಿತು.

ಮೋಟರನ್ನು ತಮ್ಮ ಫ್ಯಾಕ್ಟರಿಯಲ್ಲಿ ಪರೀಕ್ಷೆ ಮಾಡುತ್ತೇವೆ ಎಂದು ಅವರು ಅರ್ಜಿ ಹಾಕಿದರು. ನಾನು ಒಪ್ಪಲಿಲ್ಲ. ಆಯೋಗದವರು ಎಲೆಕ್ಟ್ರಿಕಲ್ ಉಪನ್ಯಾಸಕರೊಬ್ಬರನ್ನು ನೇಮಿಸಿದರು, ಐದು ಸಾವಿರ ನಾನೇ ಕಟ್ಟಿದೆ. ಎರಡೂ ಕಡೆಯವರ ಎದುರಿಗೆ ಗೋಣಿ ಬಿಚ್ಚಿದರು. ಸ್ಟೇಟರ್, ಅಂದರೆ ವೈಂಡಿಂಗ್ ಸುತ್ತಿರುವ ಭಾಗ, ಹೊರಗೆ ಬಂದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಒಂದೇ ಸ್ಲಾಟು. ಹೆಚ್ಚೆಂದರೆ ಎರಡು ಇಂಚು ಕಪ್ಪು. ಉಳಿದ ವೈರೆಲ್ಲ ಫಳಫಳ. ವೈಂಡಿಂಗ್ ಹಿರಿಯರು ಹೇಳಿದ ಹಾಗೆಯೇ.

ವಾಯಿದೆಗಳು ಹದಿನಾಲ್ಕೋ ಹದಿನೈದೋ. ಪರೀಕ್ಷೆ ಬೇಕಾದ ಕೇಸನ್ನು ಐದು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆಯಲ್ಲಿದೆ. ನನಗೆ ಹದಿನಾಲ್ಕು ತಿಂಗಳು ಹಿಡಿಯಿತು, ಆದೇಶ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಪಂಪಿನ ಬೆಲೆ ಪೂರ್ತಿ, ರಿಪೇರಿಗೆ ಕಟ್ಟಿದ 25,200, ಮೋಟರ್ ಎತ್ತಿಸಿದ ಖರ್ಚು ಎರಡು ಸಲದ್ದು (ಮೂರನೇ ಗಾಡಿಯವನ ಹತ್ತಿರ ರಸೀದಿ ಬರೆಸಿರಲಿಲ್ಲ), ಇವಕ್ಕೆ ಶೇಕಡಾ 8 ಬಡ್ಡಿ, ಪರಿಹಾರ 20,000, ಕೇಸಿನ ಖರ್ಚು 5,000. ನಾನು ಕೈಯಿಂದ ಹಾಕಿದ್ದು ಬಸ್ಸು, ಜೆರಾಕ್ಸ್, ನೋಟರಿ, ಪರೀಕ್ಷೆ ಸೇರಿ ಹನ್ನೊಂದು ಸಾವಿರದ ಹತ್ತಿರ.

ಬೆಳೆ ನಷ್ಟ 1.6 ಲಕ್ಷ ಕೇಳಿದ್ದೆ. ಒಂದು ರೂಪಾಯಿಯೂ ಬರಲಿಲ್ಲ. ಒಣಗಿದ ಗಿಡದ ಫೋಟೋ ಇತ್ತು, ಆದರೆ ತೋಟಗಾರಿಕೆ ಇಲಾಖೆಯವರನ್ನು ಆ ವಾರವೇ ಕರೆಸಿ ವರದಿ ಬರೆಸಿರಲಿಲ್ಲ. ಹಿಂದಿನ ಬೆಳೆಯ ಮಂಡಿ ಚೀಟಿಗಳನ್ನೂ ಇಟ್ಟಿರಲಿಲ್ಲ. ಮೋಟರ್ ಸುಟ್ಟ ದಿನವೇ ಇಲಾಖೆಗೆ ಅರ್ಜಿ ಕೊಡಿ, ಮಂಡಿ ಚೀಟಿ ಒಂದನ್ನೂ ಎಸೆಯಬೇಡಿ. ನನ್ನ ಅತಿ ದೊಡ್ಡ ನಷ್ಟ ಅದೇ, ಅದೇ ವಾಪಸ್ ಬರಲಿಲ್ಲ.

ಆದೇಶ ಬಂದ ಮೇಲೂ ಕಂಪನಿ ಕದಲಲಿಲ್ಲ. ಮೇಲ್ಮನವಿ ಹಾಕುತ್ತೇವೆ ಎಂದು ಹೇಳಿಕಳಿಸಿದರು. ಹಾಕಲು ನಲವತ್ತೈದು ದಿನ, ಆದೇಶದ ಮೊತ್ತದ ಅರ್ಧ ಮೊದಲು ಠೇವಣಿ ಇಡಬೇಕು. ದಿನ ಎಣಿಸುತ್ತಾ ಕೂತೆ. ಹಾಕಲಿಲ್ಲ, ದುಡ್ಡನ್ನೂ ಕೊಡಲಿಲ್ಲ. ಅದೇ ಕಾಯ್ದೆಯ 72ನೇ ಕಲಮಿನಲ್ಲಿ ಜಾರಿ ಅರ್ಜಿ ಹಾಕಿದೆ. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೆ ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ನೋಟಿಸ್ ಹೋದ ಮೇಲೆ ಎರಡನೇ ವಾಯಿದೆಗೇ ಡಿ.ಡಿ. ತಂದರು.

ದುಡ್ಡು ಕೊಟ್ಟ ಮೇಲೆ ಮೋಟರನ್ನು ಕಂಪನಿಗೆ ಒಪ್ಪಿಸಬೇಕೆಂದು ಆದೇಶದಲ್ಲಿದೆ. ಬಂದು ತೆಗೆದುಕೊಂಡು ಹೋಗಿ ಎಂದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರೆದಿದ್ದೇನೆ, ಅಕ್ನಾಲೆಡ್ಜ್‌ಮೆಂಟ್ ಫೈಲಿನಲ್ಲಿದೆ. ಇನ್ನೂ ಯಾರೂ ಬಂದಿಲ್ಲ. ಪಂಪ್ ಮನೆಯ ಮೂಲೆಯಲ್ಲಿ ಅದೇ ಗೋಣಿಯಲ್ಲಿ ಇದೆ. ಹೋದ ವಾರ ಮುಳಬಾಗಿಲು ಕಡೆಯಿಂದ ಇಬ್ಬರು ತಮ್ಮ ಸುಟ್ಟ ಮೋಟರಿನ ಜಾಬ್ ಶೀಟ್ ಹಿಡಿದು ಬಂದಿದ್ದರು. ಆ ಎರಡು ಇಂಚು ಕಪ್ಪು ಹೇಗಿರುತ್ತದೆ ಎಂದು ಸ್ಟೇಟರ್ ತೆಗೆದು ತೋರಿಸಿದೆ.