ಸಂಬಳದಲ್ಲೇ ನನ್ನ ಡಿಗ್ರಿ ಫೀಸು ಹೊಂದಿಸಿದ್ದು

ಪಿಯುಸಿ ಆದ ಮೇಲೆ ಮದುವೆ, ಮಕ್ಕಳು ಅಂತ ನನ್ನ ಓದು ನಿಂತೇ ಹೋಗಿತ್ತು. ನಲವತ್ತು ದಾಟಿದ ಮೇಲೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಬಿ.ಎ.ಗೆ ಸೇರಿದೆ. ಸಹಕಾರ ಸಂಘದ ಕೆಲಸ, ಸಣ್ಣ ಸಂಬಳ, ಮಕ್ಕಳ ಫೀಸೂ ಅದರಲ್ಲೇ ಆಗಬೇಕು. ಹಾಗಾಗಿ ಸೇರುವ ಮೊದಲೇ ಗಟ್ಟಿ ಮಾಡಿಕೊಂಡೆ: ಓಲೆ ಅಡ ಇಡುವುದಿಲ್ಲ, ಮೂರು ರೂಪಾಯಿ ಬಡ್ಡಿಗೆ ಕೈಸಾಲ ತರುವುದಿಲ್ಲ.

ಇಗ್ನೋದಲ್ಲಿ ಇಡೀ ಕೋರ್ಸಿನ ಹಣ ಒಟ್ಟಿಗೆ ಕೇಳುವುದಿಲ್ಲ, ಆಯಾ ವರ್ಷದ್ದನ್ನು ಮರುನೋಂದಣಿಯ ಹೊತ್ತಿಗೆ ಕಟ್ಟಿದರಾಯಿತು. 3 ವರ್ಷದ ಬಿ.ಎ. ಮುಗಿಸಲು 6 ವರ್ಷದವರೆಗೆ ಅವಕಾಶ. ಮನೆಯಲ್ಲಿ ಕಾಯಿಲೆ, ಮದುವೆ ಬಂದರೂ ಕಟ್ಟಿದ್ದು ನೀರುಪಾಲಾಗುವುದಿಲ್ಲ ಅನ್ನುವ ಧೈರ್ಯ ನನಗೆ ಬಂದದ್ದು ಇದರಿಂದಲೇ.

ಮೊದಲ ವರ್ಷದ ಫೀಸಿಗೆ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದೆ, ನೂರಕ್ಕೆ ಒಂದು ರೂಪಾಯಿ ಬಡ್ಡಿ. ಸಾಲದ ಪುಸ್ತಕದಲ್ಲಿ 'ಉದ್ದೇಶ' ಅನ್ನುವ ಕಡೆ ಹಸು, ಹೊಲಿಗೆ ಯಂತ್ರ, ಮಗಳ ಮದುವೆ ಅಂತಿದ್ದ ಸಾಲುಗಳ ಕೆಳಗೆ 'ಸ್ವಂತ ವಿದ್ಯಾಭ್ಯಾಸ' ಅಂತ ಬರೆಸಿದೆ. ಅದನ್ನು ಬರೆಸುವಾಗ ತುಂಬಾ ಖುಷಿಯಾಯಿತು. ವಾರದ ಉಳಿತಾಯದ ಜೊತೆಗೇ ಕಂತು ತೀರಿಸಿದೆ.

ಎರಡನೇ ವರ್ಷಕ್ಕೆ ಸಾಲ ಬೇಕಾಗಲಿಲ್ಲ. ಮರುನೋಂದಣಿಗೆ ಮುಂಚೆ ಕೈಗೆ ಬರುವ ಹಾಗೆ ಬ್ಯಾಂಕಿನಲ್ಲಿ 12 ತಿಂಗಳ ಆರ್‌ಡಿ (ತಿಂಗಳು ತಿಂಗಳು ಇಷ್ಟಿಷ್ಟು ಅಂತ ಕಟ್ಟುವ ಠೇವಣಿ) ಮಾಡಿಸಿದ್ದೆ. ಅಂಚೆ ಕಚೇರಿಯ ಆರ್‌ಡಿ 5 ವರ್ಷದ್ದು, 3 ವರ್ಷ ತುಂಬುವ ತನಕ ಮುರಿಸಲಾಗದು, ವರ್ಷಾವರ್ಷ ಫೀಸು ಕಟ್ಟುವವರಿಗೆ ಹೊಂದುವುದಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲೂ ಒಂದು ಪಾಲು ಬ್ಯಾಂಕಿನ ಆರ್‌ಡಿಗೇ ಹೋಗುತ್ತದೆ. "ನಿನ್ನ ಹೆಸರಿಗೆ ಬರೋ ದುಡ್ಡು, ನಿನ್ನ ಓದಿಗೇ ಇರಲಿ" ಅಂದರು ನಮ್ಮ ಮನೆಯವರು.

ಫೀಸಿಗಿಂತ ಹೆಚ್ಚು ಲೆಕ್ಕ ಹಾಕಬೇಕಾದದ್ದು ಮೇಲುಖರ್ಚನ್ನು. ಪರೀಕ್ಷಾ ಶುಲ್ಕ ವಿಷಯಕ್ಕೊಂದರಂತೆ ಬೇರೆ. ಜೂನ್, ಡಿಸೆಂಬರ್ ಎರಡೂ ಸಲ ಪರೀಕ್ಷೆ ಇರುವುದರಿಂದ, ಓದಿ ಮುಗಿಸಿದ ವಿಷಯಕ್ಕೆ ಮಾತ್ರ ಫಾರ್ಮ್ ತುಂಬುತ್ತೇನೆ. ರಜೆ ಹಾಕಿದರೆ ಸಂಬಳ ಕಟ್, ಹಾಗಾಗಿ ಹಬ್ಬಕ್ಕೂ ರಜೆ ತೆಗೆಯದೆ ಆ ಎರಡು ತಿಂಗಳಿಗೆ ಉಳಿಸಿಕೊಳ್ಳುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ತುಮಕೂರಿನ ಅಧ್ಯಯನ ಕೇಂದ್ರಕ್ಕೆ ಬಸ್ ಚಾರ್ಜಿಲ್ಲ, ಸಾಮಾನ್ಯ ಸರ್ಕಾರಿ ಬಸ್ ಹಿಡಿಯಬೇಕಷ್ಟೆ.

ಅಚ್ಚಿನ ಪುಸ್ತಕ ಬೇಡ, ಮೊಬೈಲಿನಲ್ಲೇ ಓದುತ್ತೇನೆ ಅಂದರೆ ಕೋರ್ಸ್ ಶುಲ್ಕದಲ್ಲಿ ಶೇ. 15 ರಿಯಾಯಿತಿ ಇದೆ. ನಾನು ಪುಸ್ತಕವನ್ನೇ ತರಿಸಿದೆ. ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಕೂತವಳಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಓದಿದರೇನೇ ತಲೆಗೆ ಹತ್ತುವುದು. ಈ ಒಂದು ಖರ್ಚಿನಲ್ಲಿ ಜಿಪುಣತನ ಬೇಡ.

"ಫೀಸು ನಮ್ಮ ಕೈಗೆ ಕೊಡಿ, ಪಾಸು ಮಾಡಿಸೋದು ನಮ್ಮ ಜವಾಬ್ದಾರಿ" ಅನ್ನುವವರು ನನ್ನನ್ನೂ ಹುಡುಕಿಕೊಂಡು ಬಂದಿದ್ದರು. ಅಂಥವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ನಿಮ್ಮದೇ ಲಾಗಿನ್‌ನಿಂದ ಕಟ್ಟಿ, ರಸೀದಿ ಪ್ರಿಂಟ್ ಮಾಡಿಸಿ ಇಟ್ಟುಕೊಳ್ಳಿ.

ಆದಾಯ ತೆರಿಗೆ ಕಟ್ಟುವವರು ಓದಿಗೆ ಬ್ಯಾಂಕ್ ಸಾಲ ತೆಗೆದರೆ, ಹಳೆ ತೆರಿಗೆ ಪದ್ಧತಿಯಲ್ಲಿ ಬಡ್ಡಿಯ ಮಟ್ಟಿಗೆ 8 ವರ್ಷದವರೆಗೆ ವಿನಾಯಿತಿ ಸಿಗುತ್ತದೆ, ಸ್ವಂತ ಓದಿಗೂ. ಸಂಘದ ಸಾಲಕ್ಕೆ, ನೆಂಟರ ಹತ್ತಿರ ತಂದ ಸಾಲಕ್ಕೆ ಅದು ಇಲ್ಲ.