ಡಿಜಿಟಲ್ ಪಿಯಾನೋ ತಗೊಳೋ ಮುಂಚೆ ಕೀ ಒಳತುದಿ ಒತ್ತಿ ನೋಡಿ

ಕಡಿಮೆ ಬಜೆಟ್ಟಲ್ಲಿ 88 ಕೀ ಪೋರ್ಟಬಲ್ ಪಿಯಾನೋ ತಗೊಳೋರು ಅಂಗಡೀಲಿ ಸೌಂಡ್ ಕೇಳೋಕೆ ಮುಂಚೆ ಪವರ್ ಆಫ್ ಮಾಡ್ಸಿ, ಕಪ್ಪು ಕೀಗಳ ಸಂದಿ ಒಳಗೆ ಕಿರುಬೆರಳು ತೂರ್ಸಿ ಬಿಳಿ ಕೀ ಒತ್ತಿ ನೋಡಿ, ಅಲ್ಲೂ ಸಲೀಸಾಗಿ ಇಳಿಬೇಕು. ಕೀ ಅನ್ನೋದು ಸನ್ನೆಗೋಲು ಇದ್ದಂಗೆ, ಅಗ್ಗದ ಸ್ಲಿಮ್ ಮಾಡೆಲ್‌ಗಳಲ್ಲಿ ಅದು ತಿರುಗೋ ಜಾಗ ಕೀ ಒಳತುದಿಗೆ ಹತ್ರದಲ್ಲೇ ಇರುತ್ತೆ, ಅದಕ್ಕೇ ಒಳಗೆ ಹೋದಷ್ಟೂ ಗಟ್ಟಿ, ಶಾರ್ಪ್ ಫ್ಲಾಟ್ (ಕಪ್ಪು ಕೀ ಸ್ವರ) ಇರೋ ಕಾರ್ಡ್ಸ್, ಅಂದ್ರೆ ಒಟ್ಟಿಗೆ ಒತ್ತೋ ಸ್ವರಗಳು, ನುಡಿಸುವಾಗ ಬೆರಳು ಹೋಗೋದು ಅಲ್ಲಿಗೇನೇ, ಮಕ್ಕಳ ಕೈಯಂತೂ ಬೇಗ ಸೋತು ಹೋಗುತ್ತೆ ಪಾಪ. ಯಮಹಾ ಪಿ-45, ರೋಲ್ಯಾಂಡ್ ಎಫ್‌ಪಿ-10 ಥರದ ಮಾಡೆಲ್ ಪಕ್ಕ ಪಕ್ಕ ಇಟ್ಟು ಒತ್ತಿದ್ರೇನೇ ನಿಮ್ಮ ಕೈಗೆ ಯಾವ್ದು ಅಂತ ಗೊತ್ತಾಗೋದು. ಹ್ಯಾಮರ್ (ಕೀಗೆ ಪಿಯಾನೋ ಥರ ತೂಕ ಕೊಡೋ ಪುಟ್ಟ ಸುತ್ತಿಗೆ) ಇಲ್ಲದ ಸ್ಪ್ರಿಂಗ್ ಕೀಬೋರ್ಡಿನ ಕೀ ಸಾಮಾನ್ಯವಾಗಿ ಹಗುರವೇ ಇರುತ್ತೆ. ಗಮಕಕ್ಕೆ ಪಿಚ್ ಬೆಂಡ್ (ಸ್ವರನ ಮೇಲೆ ಕೆಳಗೆ ಜಾರಿಸೋ ಚಕ್ರ) ಬೇಕೇ ಬೇಕು ಅನ್ನೋರು ಬೇರೆ ಕೀಬೋರ್ಡೇ ನೋಡಿ, ಮೇಲೆ ಹೇಳಿದ ಯಮಹಾ, ರೋಲ್ಯಾಂಡ್ ಎರಡರಲ್ಲೂ ಆ ಚಕ್ರ ಇಲ್ಲ.