ಆಂಫೊಟೆರಿಸಿನ್ ಕೊಡುವಾಗ ಪೊಟ್ಯಾಸಿಯಂ ಕಾಯ್ದುಕೊಂಡ ಬಗೆ: ನನ್ನ ಅನುಭವ

ದೇಹದ ಆಳಕ್ಕಿಳಿದ ಶಿಲೀಂಧ್ರ ಸೋಂಕಿಗೆ ಆಂಫೊಟೆರಿಸಿನ್-ಬಿ ಕೊಡುವಾಗ ವೈದ್ಯರೆಲ್ಲರ ಕಣ್ಣು ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಮೇಲಿರುತ್ತದೆ. ನಾನು ಅಷ್ಟೇ ಕಾಳಜಿಯಿಂದ ಪೊಟ್ಯಾಸಿಯಂ ಮತ್ತು ಮೆಗ್ನೀಷಿಯಂ ಎರಡನ್ನೂ ನೋಡುತ್ತೇನೆ. ಶಿಲೀಂಧ್ರದ ಕೋಶಪೊರೆಯಲ್ಲಿ ರಂಧ್ರ ಮಾಡುವ ಈ ಔಷಧಿ ನಮ್ಮ ಮೂತ್ರಪಿಂಡದ ನಾಳಿಕೆಗಳ ಪೊರೆಯನ್ನೂ ಬಿಡುವುದಿಲ್ಲವಾದ್ದರಿಂದ ಈ ಲವಣಗಳು ಮೂತ್ರದಲ್ಲಿ ಸೋರಿಹೋಗುತ್ತವೆ. ಔಷಧಿಯನ್ನು ಸೂಕ್ಷ್ಮ ಕೊಬ್ಬಿನ ಕಣಗಳಲ್ಲಿ ಸೇರಿಸಿದ ಲೈಪೊಸೋಮಲ್ ರೂಪದಲ್ಲಿ ಮೂತ್ರಪಿಂಡಕ್ಕಾಗುವ ಹಾನಿ ಕಡಿಮೆ, ಆದರೆ ಪೊಟ್ಯಾಸಿಯಂ ನಷ್ಟ ತಪ್ಪಿದ್ದಲ್ಲ.

ಮ್ಯೂಕರ್‌ಮೈಕೋಸಿಸ್‌ಗೆ (ಕಪ್ಪು ಶಿಲೀಂಧ್ರ ಸೋಂಕಿಗೆ) ಚಿಕಿತ್ಸೆ ಪಡೆಯುತ್ತಿದ್ದ ರೋಗಿಯೊಬ್ಬರು ಬೆಳಗಿನ ರೌಂಡ್ಸ್‌ನಲ್ಲಿ, "ಡಾಕ್ಟ್ರೇ, ಮಂಚದಿಂದ ಏಳೋಕೆ ಕಾಲಲ್ಲಿ ಬಲವೇ ಇಲ್ಲ" ಎಂದರು. ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿ, ಅದರ ಬೆನ್ನಿಗೇ ಚಿಕ್ಕದೊಂದು ಯು ಅಲೆ ಮೂಡಿತ್ತು; ಇವು ಪೊಟ್ಯಾಸಿಯಂ ಕೊರತೆಯ ಗುರುತುಗಳು. ಲೀಟರಿಗೆ 3.5ರಿಂದ 5.0 ಮಿಲಿಮೋಲ್ ನಡುವೆ ಇರಬೇಕಾದ ಪೊಟ್ಯಾಸಿಯಂ 2.6ಕ್ಕೆ ಇಳಿದಿತ್ತು. ಡ್ರಿಪ್‌ನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟರೂ ಮರುದಿನದ ವರದಿ ಹೆಚ್ಚೇನೂ ಮೇಲೇರಲಿಲ್ಲ. ಜೊತೆಗೇ ಕಳಿಸಿದ್ದ ಮೆಗ್ನೀಷಿಯಂ ವರದಿ ಕಾರಣವನ್ನು ತೋರಿಸಿತು: ಅದೂ ಕಡಿಮೆಯಿತ್ತು. ಕೋಶದೊಳಗಿನ ಮೆಗ್ನೀಷಿಯಂ ಕುಗ್ಗಿದರೆ ಮೂತ್ರಪಿಂಡದಲ್ಲಿ ಪೊಟ್ಯಾಸಿಯಂ ಹೊರಬಿಡುವ ಕಾಲುವೆಗಳಿಗೆ ತಡೆಯೇ ಇಲ್ಲದಂತಾಗಿ, ಎಷ್ಟು ತುಂಬಿಸಿದರೂ ಅದು ಮೂತ್ರದ ಪಾಲಾಗುತ್ತದೆ. ಮೆಗ್ನೀಷಿಯಂ ಸಲ್ಫೇಟ್ ಕೊಟ್ಟು ಆ ಕೊರತೆ ನೀಗಿಸಿದ ಮೇಲೆಯೇ ಪೊಟ್ಯಾಸಿಯಂ ನಿಂತಿತು.

ಕೊಡುವ ವಿಧಾನದಲ್ಲಿ ನಾನು ಯಾವ ಸಡಿಲಿಕೆಯನ್ನೂ ಒಪ್ಪುವುದಿಲ್ಲ. ಪೊಟ್ಯಾಸಿಯಂ ಕ್ಲೋರೈಡನ್ನು ದುರ್ಬಲಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಂತುಹೋಗಬಹುದು. ಕೈಯ ರಕ್ತನಾಳದಲ್ಲಿ ಗಂಟೆಗೆ 10 ಮಿಲಿಮೋಲ್ ನನ್ನ ಮಿತಿ. ಅದಕ್ಕಿಂತ ವೇಗ ಬೇಕಾದರೆ ಸೆಂಟ್ರಲ್ ಲೈನ್ (ಹೃದಯದ ಬಳಿಯ ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಮತ್ತು ಹೃದಯಬಡಿತದ ಮಾನಿಟರ್ ಇರಲೇಬೇಕು. ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಇನ್ಸುಲಿನ್ ಅನ್ನು ಹೆಚ್ಚಿಸಿ ಪೊಟ್ಯಾಸಿಯಂ ಅನ್ನು ಕೋಶದೊಳಕ್ಕೆ ತಳ್ಳುವುದರಿಂದ ಅದನ್ನು ಸಲೈನ್‌ನಲ್ಲಿ ಬೆರೆಸುತ್ತೇನೆ. ಆಂಫೊಟೆರಿಸಿನ್‌ನದು ಇದಕ್ಕೆ ತದ್ವಿರುದ್ಧ: ಸಲೈನ್ ತಾಗಿದರೆ ಅದು ಗಸಿಗಟ್ಟುವುದರಿಂದ 5% ಡೆಕ್ಸ್‌ಟ್ರೋಸ್‌ನಲ್ಲೇ ಹೋಗಬೇಕು. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಲೈನ್ ಇಡಿಸುತ್ತೇನೆ. ಮೂತ್ರಪಿಂಡದ ರಕ್ಷಣೆಗೆಂದು ಮೊದಲು ಸಲೈನ್ ಹರಿಸಿದ ಲೈನನ್ನೇ ಬಳಸಬೇಕಾಗಿ ಬಂದರೆ ನಡುವೆ ಡೆಕ್ಸ್‌ಟ್ರೋಸ್‌ನಿಂದ ತೊಳೆಸುತ್ತೇನೆ. ಮೂತ್ರದ ಪ್ರಮಾಣ ಇಳಿದಿದ್ದರೆ ಪೊಟ್ಯಾಸಿಯಂ ಅನ್ನು ಬಹಳ ಎಚ್ಚರದಿಂದ ಕೊಡುತ್ತೇನೆ, ಏಕೆಂದರೆ ಆಗ ಅದು ಮಿತಿ ಮೀರಿ ಏರುವ ಅಪಾಯವೇ ಹೆಚ್ಚು. ನಷ್ಟ ನಿಲ್ಲದೇ ಇದ್ದರೆ ಮೂತ್ರದಲ್ಲಿ ಪೊಟ್ಯಾಸಿಯಂ ಸೋರದಂತೆ ತಡೆಯುವ ಅಮಿಲೋರೈಡ್ ಮಾತ್ರೆ ನೆರವಾಗುತ್ತದೆ.

ಇಂಜೆಕ್ಷನ್ ಮುಗಿದು ಪೊಸಕೊನಜೋಲ್ ಅಥವಾ ಇಟ್ರಾಕೊನಜೋಲ್ ಎಂಬ ಶಿಲೀಂಧ್ರ ವಿರೋಧಿ ಮಾತ್ರೆಗೆ ಬದಲಾದ ಕೂಡಲೇ ನಿಗಾ ಸಡಿಲವಾಗುವುದು ನನಗೆ ತೀರಾ ಕಳವಳದ ಸಂಗತಿ. ಈ ಮಾತ್ರೆಗಳು ಕೆಲವರಲ್ಲಿ ಅಡ್ರಿನಲ್ ಗ್ರಂಥಿಯ ಸ್ಟಿರಾಯ್ಡ್ ತಯಾರಿಕೆಯ ದಾರಿಯನ್ನೇ ಬದಲಿಸಿ, ಉಪ್ಪನ್ನು ಉಳಿಸಿ ಪೊಟ್ಯಾಸಿಯಂ ಹೊರಹಾಕಿಸುವ ಆಲ್ಡೋಸ್ಟಿರೋನ್ ಹಾರ್ಮೋನ್ ಕಡಿಮೆಯಿದ್ದರೂ ಅದು ಹೆಚ್ಚಾದಾಗಿನ ಲಕ್ಷಣಗಳನ್ನೇ ತರುತ್ತವೆ: ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಇವು ಇಸಿಜಿಯ ಕ್ಯೂಟಿ ಅವಧಿಯನ್ನೂ (ಬಡಿತದ ಬಳಿಕ ಹೃದಯ ಮತ್ತೆ ಸಜ್ಜಾಗುವವರೆಗಿನ ಸಮಯ) ಹಿಗ್ಗಿಸಬಲ್ಲವಾದ್ದರಿಂದ ಪೊಟ್ಯಾಸಿಯಂ ಕೊರತೆ ಹೃದಯದ ಲಯಕ್ಕೆ ಇನ್ನಷ್ಟು ಅಪಾಯಕಾರಿ. ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಭೇಟಿಯ ದಿನದ ಜೊತೆಗೆ ಬಿಪಿ, ಪೊಟ್ಯಾಸಿಯಂ, ಮೆಗ್ನೀಷಿಯಂ ಮತ್ತು ಇಸಿಜಿ ಎಂದು ಬರೆದು, ಮನೆಯವರಿಗೂ ಓದಿ ಹೇಳುತ್ತೇನೆ. ಬಿಪಿ ಏರಿದ್ದು ಪೊಟ್ಯಾಸಿಯಂ ಇಳಿದಿದ್ದರೆ ಔಷಧಿಯ ಪ್ರಮಾಣ ತಗ್ಗಿಸುವುದೋ, ಬೇರೆ ಔಷಧಿಗೆ ಬದಲಿಸುವುದೋ, ಆ ಹಾರ್ಮೋನಿನ ಪರಿಣಾಮ ತಡೆಯುವ ಸ್ಪೈರನೊಲ್ಯಾಕ್ಟೋನ್ ಸೇರಿಸುವುದೋ ಎಂಬುದನ್ನು ಸೋಂಕಿನ ಸ್ಥಿತಿ ನೋಡಿ ತೀರ್ಮಾನಿಸುತ್ತೇನೆ.